ರೇಡಿಯೇಟರ್ ಹೋಸ್ ಮನೆಯಲ್ಲೇ ಬದಲಿಸುವುದು: ಎಲ್ಲೆಲ್ಲಿ ಕೈಕೊಡುತ್ತದೆ, ಏಕೆ

ಓದುಗರು ಮತ್ತೆ ಮತ್ತೆ ಕೇಳುವುದು ಹೆಚ್ಚುಕಡಿಮೆ ಇದನ್ನೇ. ಹಳೆಯ ಹೋಸ್ ಎಷ್ಟು ಎಳೆದರೂ ಬರುತ್ತಿಲ್ಲ, ಹೇಗೆ ಬಿಡಿಸುವುದು? ಹೊಸದು ಹಾಕಿ ಕ್ಲಾಂಪ್ ಬಿಗಿ ಮಾಡಿದರೂ ತೊಟ್ಟಿಕ್ಕುತ್ತಿದೆ, ಏಕೆ? ಹೋಸ್ ಬದಲಿಸಿದ ಮೇಲೆ ಕಾರು ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತಿದೆ, ತಪ್ಪೆಲ್ಲಾಯಿತು?

ಹೇಳುವುದಕ್ಕೆ ಇದು ಅರ್ಧ ಗಂಟೆಯ ಕೆಲಸ. ಒಂದು ರಬ್ಬರ್ ಕೊಳವೆ, ಎರಡು ತುದಿಗೆ ಎರಡು ಕ್ಲಾಂಪ್. ಆದರೂ ಮೊದಲ ಸಲ ಕೈಹಾಕಿದವರಿಗೆ ಅರ್ಧ ದಿನ ಹೋಗುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ರಬ್ಬರು ಪೈಪಿನ ಮೂತಿಗೆ ಅಂಟಿ ಕೂತಿರುತ್ತದೆ. ಕ್ಲಾಂಪಿನ ಕಿವಿಗಳು ಕೈಗೂ ಪ್ಲೈಯರ್‌ಗೂ ಸಿಗದ ಕಡೆ ತಿರುಗಿರುತ್ತವೆ. ಇವೆರಡನ್ನೂ ದಾಟಿದ ಮೇಲೆ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಈ ಕೊನೆಯದನ್ನು ಕಡೆಗಣಿಸಿದವರೇ ಹೆಚ್ಚು ನಷ್ಟಕ್ಕೆ ಒಳಗಾಗುವುದು. ಹಾಳಾಗುವುದು ಹೋಸ್ ಅಲ್ಲ, ಎಂಜಿನ್ನಿನ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಸೋರದಂತೆ ತಡೆಯುವ ಪ್ಯಾಕಿಂಗ್.

ಇಲ್ಲಿನ ವಿವರ ಮಾರುತಿ ಆಲ್ಟೊ, ಹಳೆಯ ವ್ಯಾಗನ್ ಆರ್, ಹ್ಯುಂಡೈ ಸ್ಯಾಂಟ್ರೊ ತರಹದ, ರೇಡಿಯೇಟರಿನ ತಲೆಯ ಮೇಲೆಯೇ ಮುಚ್ಚಳವಿರುವ ಸಣ್ಣ ಪೆಟ್ರೋಲ್ ಕಾರುಗಳಿಗೆ ಹೊಂದುತ್ತದೆ. ಫೋಕ್ಸ್‌ವ್ಯಾಗನ್ ಪೋಲೊದಂತಹ ಕಾರುಗಳಲ್ಲಿ ರೇಡಿಯೇಟರಿಗೆ ಮುಚ್ಚಳವಿಲ್ಲ, ಒತ್ತಡ ತಡೆಯುವ ಪ್ಲಾಸ್ಟಿಕ್ ಟ್ಯಾಂಕಿಗೇ ಇರುತ್ತದೆ. ಅಲ್ಲಿ ಬೇರೆಯಾಗುವ ಅಂಶಗಳನ್ನು ಆಯಾ ಹಂತದಲ್ಲಿ ಹೇಳಿದೆ. ಓಮ್ನಿಯಲ್ಲಿ ಎಂಜಿನ್ ಸೀಟಿನ ಕೆಳಗೆ, ರೇಡಿಯೇಟರ್ ಮುಂದೆ. ನಡುವಿನ ಉದ್ದ ಪೈಪುಗಳಿಂದ ಗಾಳಿ ಹೊರಹಾಕುವುದು ಕಷ್ಟ, ಹಾಗಾಗಿ ಮೊದಲ ಪ್ರಯೋಗವನ್ನು ಅದರ ಮೇಲೆ ಮಾಡಬೇಡಿ.

ಸೋರುತ್ತಿರುವುದು ಹೋಸೇ ಹೌದೆ?

ಮೇಲಿನ ಹೋಸ್ ಎಂಜಿನ್ನಿನಿಂದ ಬಿಸಿ ಕೂಲಂಟನ್ನು ರೇಡಿಯೇಟರಿಗೆ ತರುತ್ತದೆ. ಕೆಳಗಿನದು ತಣಿದ ಕೂಲಂಟನ್ನು ವಾಟರ್ ಪಂಪಿಗೆ ಒಯ್ಯುತ್ತದೆ. ಇವಲ್ಲದೆ ಕ್ಯಾಬಿನ್ ಹೀಟರಿಗೆ ಹೋಗುವ ಎರಡು ಸಣ್ಣ ಹೋಸುಗಳಿವೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಟಾರ್ಚ್ ಹಿಡಿದು ಒಂದೊಂದನ್ನೂ ನೋಡಿ. ಸೋರಿದ ಕಡೆ ಕೂಲಂಟ್ ಒಣಗಿ ಬಿಳಿ, ಹಸಿರು ಅಥವಾ ಗುಲಾಬಿ ಬಣ್ಣದ ಹಕ್ಕಳೆ ಕಟ್ಟಿರುತ್ತದೆ.

ಆಮೇಲೆ ಹೋಸನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹಿಸುಕಿ. ನಡುಭಾಗಕ್ಕಿಂತ ಕ್ಲಾಂಪಿನಿಂದ ನಾಲ್ಕೈದು ಸೆಂಟಿಮೀಟರಿನೊಳಗಿನ ಭಾಗವನ್ನು ಹೆಚ್ಚು ಗಮನಿಸಿ. ಲೋಹದ ಮೂತಿ, ಕೂಲಂಟ್ ಮತ್ತು ಹೋಸಿನ ರಬ್ಬರು ಸೇರಿ ಸಣ್ಣ ಪ್ರಮಾಣದ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು, ರಬ್ಬರು ಒಳಗಿನಿಂದ ಉದ್ದುದ್ದಕ್ಕೆ ಸೀಳುತ್ತಾ ಬರುತ್ತದೆ. ಹೊರಗಿನಿಂದ ನೋಡಿದರೆ ಹೊಸದರಂತೆಯೇ ಇರುತ್ತದೆ. ಹಿಸುಕಿದಾಗ ತುದಿ ಮೆತ್ತಗಾಗಿ, ನಡುಭಾಗ ಗಟ್ಟಿಯಾಗಿದ್ದರೆ ಅಥವಾ ಒಳಗೆ ಸೀಳಿನ ಗೆರೆ ಬೆರಳಿಗೆ ತಾಗಿದರೆ ಆ ಹೋಸಿನ ಕಾಲ ಮುಗಿದಿದೆ.

ಹೋಸ್ ಊದಿಕೊಂಡು ಜಿಡ್ಡುಜಿಡ್ಡಾಗಿದ್ದರೆ ಅದಕ್ಕೆ ಎಣ್ಣೆ ತಾಗುತ್ತಿದೆ. ಈ ರಬ್ಬರು ಬಿಸಿ ನೀರನ್ನು ತಡೆದುಕೊಳ್ಳುತ್ತದೆ, ಎಂಜಿನ್ ಆಯಿಲ್ ತಡೆಯುವುದಿಲ್ಲ. ಎಂಜಿನ್ನಿನ ತಲೆಯ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರಿನ, ಪ್ಯಾಕಿಂಗಿನಿಂದ ಆಯಿಲ್ ಜಿನುಗುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ, ಇಲ್ಲವಾದರೆ ಹೊಸ ಹೋಸಿಗೂ ಅದೇ ಗತಿ. ಹೊರಮೈಯಲ್ಲಿ ಹಲ್ಲಿನ ಗುರುತಿದ್ದರೆ ಇಲಿ ಕಡಿದಿದೆ. ಹೀಗಾದಾಗ ಪಕ್ಕದ ವೈರುಗಳನ್ನೂ ನೋಡದೆ ಬಾನೆಟ್ ಮುಚ್ಚಬೇಡಿ.

ಎರಡು ಲಕ್ಷಣ ಹೋಸಿನ ದೋಷವಲ್ಲ. ಕಾರು ತಣಿದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡಿದ್ದರೆ, ರೇಡಿಯೇಟರ್ ಮುಚ್ಚಳದಲ್ಲಿ ಕೂಲಂಟನ್ನು ವಾಪಸು ಬಿಡುವ ಸಣ್ಣ ವಾಲ್ವ್ ಕಚ್ಚಿಕೊಂಡಿದೆ; ಮುಚ್ಚಳ ಬದಲಿಸಿದರೆ ಸಾಕು. ಬೆಳಗ್ಗೆ ತಣ್ಣಗಿನ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾದರೆ, ಸಿಲಿಂಡರಿನ ಅನಿಲ ಕೂಲಂಟಿಗೆ ನುಗ್ಗುತ್ತಿರುವ ಸಂಭವ ಹೆಚ್ಚು. ಅದು ಹೆಡ್ ಗ್ಯಾಸ್ಕೆಟ್ ತೊಂದರೆ, ಗ್ಯಾರೇಜಿಗೇ ಹೋಗಬೇಕು.

ಏನೇನು ಕೊಳ್ಳಬೇಕು

ಹೋಸ್: ನಿಮ್ಮ ಕಾರಿನದೇ ಬಾಗುಗಳಿರುವ ಅಚ್ಚಿನ ಹೋಸ್ ಬೇಕು. ಮೀಟರ್ ಲೆಕ್ಕದಲ್ಲಿ ಸಿಗುವ ನೇರ ಹೋಸನ್ನು ಬಗ್ಗಿಸಿ ಕೂರಿಸಿದರೆ ತಿರುವಿನಲ್ಲಿ ಮಡಿಚಿ ಹರಿವು ಕಟ್ಟುತ್ತದೆ. ಒಂದೇ ಹೆಸರಿನ ಕಾರಿನಲ್ಲೂ ಎಂಜಿನ್ ಬದಲಾದರೆ ಹೋಸ್ ಬದಲಾಗುತ್ತದೆ. ವ್ಯಾಗನ್ ಆರ್ ಇದಕ್ಕೆ ಒಳ್ಳೆಯ ಉದಾಹರಣೆ. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಸ್ಪೇರ್ಸ್ ಅಂಗಡಿಯಲ್ಲಾಗಲಿ ಆರ್‌ಸಿ ತೋರಿಸಿ, ಚಾಸಿ ನಂಬರ್ ಮೇಲೆ ಬಿಡಿಭಾಗ ಕೇಳಿ. ಹಳೆಯ ಹೋಸ್ ಬಿಚ್ಚಿಯಾಗಿದ್ದರೆ ಕೈಯಲ್ಲೇ ಒಯ್ದು ಪಕ್ಕಕ್ಕಿಟ್ಟು ಹೋಲಿಸಿ: ಎರಡೂ ತುದಿಯ ಒಳ ವ್ಯಾಸ, ಬಾಗಿನ ಕೋನ, ಉದ್ದ. ಕೆಲವು ಕೆಳಗಿನ ಹೋಸುಗಳ ಒಳಗೆ ತಂತಿಯ ಸುರುಳಿ ಇರುತ್ತದೆ. ಪಂಪು ಎಳೆಯುವ ರಭಸಕ್ಕೆ ಹೋಸ್ ಒಳಗೆ ಕುಸಿಯದಂತೆ ತಡೆಯುವುದೇ ಅದರ ಕೆಲಸ. ಹಳೆಯದರಲ್ಲಿ ಇದ್ದರೆ ಹೊಸದರಲ್ಲೂ ಇರಲೇಬೇಕು.

ಒಂದು ಹೋಸ್ ವಯಸ್ಸಾಗಿ ಸೋತಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸುವುದೇ ಲೇಸು. ಎರಡೂ ಒಂದೇ ಬಿಸಿಯಲ್ಲಿ ಅಷ್ಟೇ ವರ್ಷ ಕಳೆದಿವೆ, ಕೂಲಂಟನ್ನು ಹೇಗೂ ಇಳಿಸುತ್ತಿದ್ದೀರಿ.

ಕ್ಲಾಂಪ್: ಎರಡು ಬಗೆ. ಸ್ಪ್ರಿಂಗ್ ಕ್ಲಾಂಪಿಗೆ ಎರಡು ಕಿವಿಗಳಿದ್ದು, ಅವುಗಳನ್ನು ಒತ್ತಿದಾಗ ಹಿಗ್ಗುತ್ತದೆ, ಬಿಟ್ಟಾಗ ತಾನೇ ಬಿಗಿಯಾಗುತ್ತದೆ. ಇನ್ನೊಂದು ಸ್ಕ್ರೂ ಕ್ಲಾಂಪ್. ಕಂಪನಿಯವರು ಸ್ಪ್ರಿಂಗ್ ಕ್ಲಾಂಪ್ ಹಾಕಿ ಕಳಿಸುವುದು ಖರ್ಚು ಉಳಿಸಲಿಕ್ಕೆ ಮಾತ್ರ ಎಂದು ಹಲವರು ಭಾವಿಸಿ ಕಿತ್ತೆಸೆಯುತ್ತಾರೆ. ಅದು ಸರಿಯಲ್ಲ. ರಬ್ಬರು ಬಿಸಿಗೆ ಹಿಗ್ಗಿ, ತಣಿದು ಕುಗ್ಗಿ, ದಿನಕಳೆದಂತೆ ತೆಳ್ಳಗಾಗುತ್ತದೆ. ಸ್ಪ್ರಿಂಗ್ ಅದನ್ನು ಹಿಂಬಾಲಿಸಿ ಹಿಡಿತ ಉಳಿಸಿಕೊಳ್ಳುತ್ತದೆ, ಸ್ಕ್ರೂ ಕ್ಲಾಂಪ್ ಇದ್ದಲ್ಲೇ ಇರುತ್ತದೆ. ತುಕ್ಕು ಹಿಡಿಯದೆ ಬಿಗುವು ಉಳಿದಿದ್ದರೆ ಹಳೆಯ ಸ್ಪ್ರಿಂಗ್ ಕ್ಲಾಂಪನ್ನೇ ಬಳಸಿ. ಸ್ಕ್ರೂ ಕ್ಲಾಂಪ್ ಕೊಳ್ಳುವುದಾದರೆ ಸ್ಟೇನ್‌ಲೆಸ್ ಸ್ಟೀಲಿನದು, ಅಂಚು ಮಡಿಸಿ ನುಣುಪಾಗಿರುವುದು ಆರಿಸಿ. ಹೋಸಿನ ಹೊರ ವ್ಯಾಸ 38 ಮಿ.ಮೀ. ಇದ್ದರೆ 32–50 ಅಳತೆಯದು ಸರಿ. 25–40ರದು ಕೊನೆಯ ಎರಡು ಹಲ್ಲಿನ ಮೇಲೆ ನಿಲ್ಲುತ್ತದೆ, ಅದರ ಮೇಲೆ ಭರವಸೆ ಇಡಲಾಗದು.

ಕೂಲಂಟ್: ನೀರು, ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕಗಳ ಮಿಶ್ರಣ. ಸಣ್ಣ ಕಾರುಗಳಿಗೆ ಒಟ್ಟು 3ರಿಂದ 5 ಲೀಟರ್ ಹಿಡಿಯುತ್ತದೆ, ನಿಖರ ಅಳತೆ ಕಾರಿನ ಕೈಪಿಡಿಯಲ್ಲಿದೆ. ಬಣ್ಣ ನೋಡಿ ಕೊಳ್ಳಬೇಡಿ. ಹಸಿರು, ಕೆಂಪು, ನೀಲಿ ಎಂಬುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ. ಕೈಪಿಡಿ ಹೇಳಿದ ಬಗೆಯನ್ನೇ ತನ್ನಿ. ಬೇರೆ ಬೇರೆ ಬಗೆಯನ್ನು ಬೆರೆಸಿದರೆ ತುಕ್ಕು ತಡೆಯುವ ಗುಣ ಬೇಗ ಕುಂದುತ್ತದೆ, ಕೆಲವೊಮ್ಮೆ ಲೋಳೆಯಂತೆ ಗಟ್ಟಿಯಾಗುತ್ತದೆ. ಡಬ್ಬಿಯ ಮೇಲೆ ‘ರೆಡಿ ಟು ಯೂಸ್’ ಎಂದಿದ್ದರೆ ನೀರು ಬೆರೆಸಬಾರದು. ‘ಕಾನ್ಸಂಟ್ರೇಟ್’ ಎಂದಿದ್ದರೆ ಬೆರೆಸಲೇಬೇಕು.

ನೀರು: ಬ್ಯಾಟರಿಗೆ, ಇನ್ವರ್ಟರಿಗೆ ಹಾಕಲು ಮಾರುವ ಡಿಸ್ಟಿಲ್ಡ್ ವಾಟರ್ ಸಾಕು. ಬೋರ್‌ವೆಲ್ ನೀರು ಬೇಡವೇ ಬೇಡ. ಕೋಲಾರ, ಚಿತ್ರದುರ್ಗದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಪೂರ ನಳಿಕೆಗಳಲ್ಲೂ ಕಟ್ಟುತ್ತದೆ.

ಸಲಕರಣೆ: 8, 10 ಮತ್ತು 12 ಮಿ.ಮೀ. ಬಾಕ್ಸ್ ಸ್ಪ್ಯಾನರ್, ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂಡ್ರೈವರ್, ಬಾಯಿ ಅಗಲಿಸಬಹುದಾದ ವಾಟರ್ ಪಂಪ್ ಪ್ಲೈಯರ್, ಬ್ಲೇಡ್ ಬದಲಿಸುವ ಚಾಕು, 5 ಲೀಟರಿಗಿಂತ ದೊಡ್ಡ ಅಗಲ ಬೇಸಿನ್, ಆಲಿಕೆ, ಹತ್ತಿಬಟ್ಟೆ, ಕೈಗವಸು, ಕಣ್ಣಿಗೆ ಕನ್ನಡಕ. ಕ್ಲಾಂಪುಗಳು ಕೆಳಮುಖವಾಗಿದ್ದರೆ ಉದ್ದ ಕೇಬಲ್ ಇರುವ ಹೋಸ್ ಕ್ಲಾಂಪ್ ಪ್ಲೈಯರ್ ಸಿಗುತ್ತದೆ. ಎರಡು ಕಾರಿರುವ ಮನೆಯವರು ಅದನ್ನು ಕೊಂಡರೆ ದುಡ್ಡು ದಂಡವಾಗದು.

ಕೆಲಸದ ಹಂತಗಳು

1. ಎಂಜಿನ್ ತಣಿಯಲಿ. ರಾತ್ರಿ ನಿಲ್ಲಿಸಿದ ಕಾರನ್ನು ಬೆಳಗ್ಗೆ ಮುಟ್ಟುವುದು ಎಲ್ಲಕ್ಕಿಂತ ಒಳ್ಳೆಯದು. ಬಿಸಿಯಿರುವಾಗ ಒಳಗಿನ ದ್ರವ ಒತ್ತಡದಲ್ಲಿರುತ್ತದೆ. ಅದರಿಂದಾಗಿಯೇ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದ ಕ್ಷಣ ಒತ್ತಡ ಇಳಿದು, ಇಡೀ ದ್ರವ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಹಿಡಿದು ತೆರೆದರೆ ಆದೀತು ಎನ್ನುವವರ ಮಾತು ಕೇಳಬೇಡಿ. ಮೇಲಿನ ಹೋಸನ್ನು ಬರಿಗೈಯಲ್ಲಿ ಹಿಡಿದಾಗ ಬೆಚ್ಚಗೂ ಇರಬಾರದು.

ಕಾರು ಸಮನೆಲದ ಮೇಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಲ್ಲದು. ಕಾರಿನಡಿಗೆ ಹೋಗುವುದಾದರೆ ಜಾಕ್ ಸ್ಟ್ಯಾಂಡ್ ಇಲ್ಲದೆ ಹೋಗಬೇಡಿ. ಸ್ಟೆಪ್ನಿ ಬದಲಿಸಲು ಕೊಡುವ ಜಾಕ್ ಚಕ್ರ ಎತ್ತುವುದಕ್ಕಷ್ಟೇ.

ಹೋಸ್ ಯಾವ ಕಡೆ ತಿರುಗಿದೆ, ಕ್ಲಾಂಪಿನ ಕಿವಿ ಎತ್ತ ಇದೆ ಎಂದು ನಾಲ್ಕಾರು ಫೋಟೊ ತೆಗೆದಿಟ್ಟುಕೊಳ್ಳಿ.

2. ಕೂಲಂಟ್ ಇಳಿಸಿ. ಮೇಲಿನ ಹೋಸ್ ಮಾತ್ರ ಬದಲಿಸುವುದಾದರೆ ಎಲ್ಲವನ್ನೂ ಇಳಿಸಬೇಕಿಲ್ಲ. ಒಂದು, ಒಂದೂವರೆ ಲೀಟರ್ ತೆಗೆದು ಮಟ್ಟವನ್ನು ಆ ಹೋಸಿಗಿಂತ ಕೆಳಗಿಳಿಸಿದರೆ ಸಾಕು. ರೇಡಿಯೇಟರಿನ ಅಡಿಯಲ್ಲಿ ಡ್ರೈನ್ ಪ್ಲಗ್ ಇರುತ್ತದೆ. ಬಹುಪಾಲು ಪ್ಲಾಸ್ಟಿಕ್ಕಿನದು. ಹಳೆಯ ಕಾರಿನಲ್ಲಿ ಮಣಿಯದಿದ್ದರೆ ಪ್ಲೈಯರ್ ಹಾಕಿ ತಿರುಚಬೇಡಿ. ಅದು ಮುರಿದರೆ ಹೋಸಿನ ಕೆಲಸ ರೇಡಿಯೇಟರಿನ ಕೆಲಸವಾಗುತ್ತದೆ. ಕೆಳಗಿನ ಹೋಸನ್ನೇ ಮೂತಿಯಿಂದ ಮೆಲ್ಲಗೆ ಸರಿಸಿ ಅಲ್ಲಿಂದ ಇಳಿಸಿಕೊಳ್ಳಬಹುದು, ರಭಸದಿಂದ ಬರುವುದರಿಂದ ಬೇಸಿನ್ ಅಗಲವಿರಬೇಕು ಅಷ್ಟೇ.

ಆಲ್ಟರ್ನೇಟರ್ ಮೇಲೆ, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಯಂತ್ರದ ಮೇಲೆ, ಮೊದಲೇ ಪ್ಲಾಸ್ಟಿಕ್ ಹೊದಿಸಿ. ಬೆಲ್ಟಿನ ಮೇಲೆ ಕೂಲಂಟ್ ಬಿದ್ದರೆ ಆಮೇಲೆ ಕಿರುಗುಟ್ಟುತ್ತದೆ. ಬಿದ್ದ ಕೂಡಲೇ ಶುದ್ಧ ನೀರಿನಲ್ಲಿ ತೊಳೆಯಿರಿ.

ಇಳಿಸಿದ ಕೂಲಂಟನ್ನು ನೆಲದ ಮೇಲೆ ತೆರೆದಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸ್ವಲ್ಪವೇ ಸಾಕು ಕಿಡ್ನಿ ಹಾಳಾಗಲು. ಮಕ್ಕಳಿಗೂ ಅಷ್ಟೇ ಅಪಾಯ. ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡುವುದಂತೂ ಕೂಡದು. ಹಳೆಯ ಆಯಿಲ್ ಡಬ್ಬಿಗೆ ಸುರಿದು ಹೆಸರು ಬರೆದು, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಯಾರಾದರೂ ಕುಡಿದಿರಬಹುದೆಂಬ ಸಂಶಯ ಬಂದರೂ, ಲಕ್ಷಣ ಕಾಣಲೆಂದು ಕಾಯದೆ ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಿ.

3. ಕ್ಲಾಂಪ್ ಸರಿಸಿ. ಸ್ಕ್ರೂ ಕ್ಲಾಂಪಿನ ತಲೆಯಲ್ಲಿ ಸಾಮಾನ್ಯವಾಗಿ ಷಡ್ಭುಜವೂ ಇರುತ್ತದೆ. ಸ್ಕ್ರೂಡ್ರೈವರ್ ಜಾರುತ್ತಿದ್ದರೆ ಅದಕ್ಕೆ ಹೊಂದುವ ಬಾಕ್ಸ್ ಸ್ಪ್ಯಾನರ್ ಹಾಕಿ. ಸ್ಪ್ರಿಂಗ್ ಕ್ಲಾಂಪಿಗೆ ವಾಟರ್ ಪಂಪ್ ಪ್ಲೈಯರ್ ಹಿಡಿದು ಕಿವಿಗಳನ್ನು ಒತ್ತಿ, ಹೋಸಿನ ನಡುಭಾಗದ ಕಡೆಗೆ ಐದಾರು ಸೆಂಟಿಮೀಟರ್ ಸರಿಸಿ ಬಿಡಿ. ಪ್ಲೈಯರ್ ಜಾರಿದರೆ ಕ್ಲಾಂಪ್ ಚಿಮ್ಮುತ್ತದೆ. ಕನ್ನಡಕ ಬೇಕೆಂದದ್ದು ಇದಕ್ಕೇ.

ಕಿವಿಗಳು ಸಿಗದ ಕಡೆ ಇದ್ದರೆ ಪ್ಲೈಯರನ್ನು ಓರೆಯಾಗಿ ತುರುಕಿ ಹೆಣಗುವುದಕ್ಕಿಂತ, ಅಡ್ಡ ಬಂದಿರುವ ಏರ್ ಫಿಲ್ಟರ್ ಡಬ್ಬಿಯನ್ನೋ ಬ್ಯಾಟರಿಯನ್ನೋ ಹತ್ತು ನಿಮಿಷ ಕಳೆದು ಬಿಚ್ಚಿಡಿ. ಗೆಣ್ಣು ಸುಲಿಸಿಕೊಳ್ಳುವುದು ಹೆಚ್ಚಾಗಿ ಈ ಹತ್ತು ನಿಮಿಷ ಉಳಿಸಲು ಹೋದಾಗಲೇ.

ಪೋಲೊ ತರಹದ ಕಾರುಗಳಲ್ಲಿ ಕ್ಲಾಂಪಿನ ಬದಲು ತಂತಿಯ ಕ್ಲಿಪ್ ಇರುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ನಿಲ್ಲುವವರೆಗೆ ಮೇಲೆತ್ತಿ, ಹೋಸನ್ನು ನೇರವಾಗಿ ಎಳೆಯಬೇಕು. ಒಳಗಿನ ರಬ್ಬರ್ ಉಂಗುರ ಹಳೆಯದಾಗಿದ್ದರೆ ಅದನ್ನೂ ಬದಲಿಸಿ.

4. ಹೋಸ್ ಬಿಡಿಸಿ. ಎಳೆಯಬೇಡಿ, ತಿರುಚಿ. ಎಳೆದಷ್ಟೂ ಹೋಸ್ ಸಪೂರವಾಗಿ ಮೂತಿಯನ್ನು ಇನ್ನಷ್ಟು ಬಿಗಿ ಹಿಡಿಯುತ್ತದೆ. ಹೋಸಿನ ತುದಿಗೆ ಬಟ್ಟೆ ಸುತ್ತಿ, ಪ್ಲೈಯರಿನಿಂದ ಮೆಲ್ಲಗೆ ಹಿಡಿದು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ತಿರುಗಿಸಿ. ಅಂಟು ಬಿಟ್ಟಾಗ ಸಣ್ಣ ಸದ್ದಿನೊಂದಿಗೆ ಸಡಿಲವಾಗುತ್ತದೆ. ಆಮೇಲೆ ತಿರುಗಿಸುತ್ತಲೇ ಹೊರತೆಗೆಯಿರಿ.

ಅಷ್ಟಕ್ಕೂ ಬಾರದಿದ್ದರೆ ಹಟ ಬೇಡ. ಹೇಗೂ ಎಸೆಯುವ ಹೋಸ್, ಕತ್ತರಿಸಿಬಿಡಿ. ಮೂತಿ ಮುಗಿಯುವ ಜಾಗದಿಂದ ಆಚೆಗೆ ಅಡ್ಡ ಕತ್ತರಿಸಿ, ಉಳಿದ ತುಂಡನ್ನು ಉದ್ದಕ್ಕೆ ಸೀಳಿ. ಸೀಳುವಾಗ ರಬ್ಬರನ್ನು ಪೂರ್ತಿ ಕೊಯ್ಯಬೇಡಿ; ಮುಕ್ಕಾಲು ಪಾಲು ಕೊಯ್ದು ಉಳಿದದ್ದನ್ನು ಕೈಯಿಂದ ಬಿಡಿಸಿ. ಬ್ಲೇಡ್ ಮೂತಿಯ ಮೇಲೆ ಗೀರು ಎಳೆದರೆ ಆ ಗೀರಿನ ಗುಂಟವೇ ಮುಂದೆ ಕೂಲಂಟ್ ಜಿನುಗುತ್ತದೆ.

ಚಪ್ಪಟೆ ಸ್ಕ್ರೂಡ್ರೈವರನ್ನು ಹೋಸ್ ಮತ್ತು ಮೂತಿಯ ನಡುವೆ ತೂರಿಸಿ ಮೀಟುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು. ಈಗಿನ ರೇಡಿಯೇಟರುಗಳ ನಡುಭಾಗ ಅಲ್ಯೂಮಿನಿಯಂ, ಎರಡು ಕಡೆಯ ಟ್ಯಾಂಕು ಮತ್ತು ಮೂತಿ ನೈಲಾನ್ ಪ್ಲಾಸ್ಟಿಕ್. ಎಂಟು ಹತ್ತು ವರ್ಷ ಬಿಸಿ ಕಂಡ ಈ ಪ್ಲಾಸ್ಟಿಕ್ ಹಪ್ಪಳದಂತೆ ಪಟ್ಟನೆ ಮುರಿಯುತ್ತದೆ. ಮೂತಿ ಮುರಿದರೆ ಅಂಟು ಹಾಕಿ ಉಳಿಸಿಕೊಳ್ಳುವ ಆಸೆ ಬಿಡಿ, ಬಿಸಿ ಮತ್ತು ಒತ್ತಡಕ್ಕೆ ಅದು ನಿಲ್ಲದು. ಹೀಟರ್ ಹೋಸಿನ ಮೂತಿಗಳು ಇನ್ನೂ ನಾಜೂಕು. ಅಲ್ಲಿ ತಿರುಚುವುದೂ ಬೇಡ, ನೇರ ಕತ್ತರಿಸಿಯೇ ತೆಗೆಯಿರಿ.

5. ಮೂತಿ ಶುಚಿ ಮಾಡಿ. ಹೊಸ ಹೋಸ್ ಸೋರಲು ಮುಖ್ಯ ಕಾರಣ ಹಳೆಯ ಕೊಳೆ. ಎಂಜಿನ್ ಕಡೆಯ ಮೂತಿ ಅಲ್ಯೂಮಿನಿಯಂ ಆಗಿದ್ದರೆ ಅದರ ಮೇಲೆ ಬಿಳಿ ಪುಡಿಯಂತಹ ತುಕ್ಕೂ ಹಳೆಯ ರಬ್ಬರಿನ ಪದರವೂ ಇರುತ್ತದೆ. 400 ನಂಬರಿನ ಸ್ಯಾಂಡ್ ಪೇಪರನ್ನು ಮೂತಿಯ ಸುತ್ತ ಉಜ್ಜಿ, ಉದ್ದಕ್ಕೆ ಬೇಡ. ಬೆರಳಾಡಿಸಿದಾಗ ನುಣುಪಾಗಿರಬೇಕು. ಆಳವಾದ ಗುಂಡಿಗಳು ಬಿದ್ದಿದ್ದರೆ ಆ ಭಾಗವನ್ನೇ ಬದಲಿಸಬೇಕಾದೀತು. ಪ್ಲಾಸ್ಟಿಕ್ ಮೂತಿಗೆ ಸ್ಯಾಂಡ್ ಪೇಪರ್ ಮುಟ್ಟಿಸಬೇಡಿ, ಒದ್ದೆ ಬಟ್ಟೆ ಸಾಕು. ಉಜ್ಜುವಾಗ ಮೂತಿಯೊಳಗೆ ಬಟ್ಟೆ ತುರುಕಿ, ಪುಡಿ ಒಳಗೆ ಬೀಳದಿರಲಿ. ಆ ಬಟ್ಟೆಯನ್ನು ಹೊರತೆಗೆಯಲು ಮರೆಯದಂತೆ ಅರ್ಧ ಹೊರಗೆ ಇಳಿಬಿಟ್ಟಿರಿ.

6. ಹೊಸ ಹೋಸ್ ಕೂರಿಸಿ. ಕ್ಲಾಂಪುಗಳನ್ನು ಮೊದಲೇ ಹೋಸಿಗೆ ತೂರಿಸಿಕೊಳ್ಳಿ. ಸ್ಕ್ರೂ ತಲೆ ಅಥವಾ ಕಿವಿ ಮುಂದೆ ಕೈಗೆ ಸಿಗುವ ಕಡೆ ಇರಲಿ, ಫ್ಯಾನಿಗೂ ಬೆಲ್ಟಿಗೂ ತಾಗದಿರಲಿ. ಹೋಸಿನ ಒಳ ಅಂಚಿಗೆ ಸ್ವಲ್ಪ ಕೂಲಂಟ್ ಸವರಿದರೆ ಜಾರುತ್ತಾ ಹೋಗುತ್ತದೆ. ಗ್ರೀಸ್, ಆಯಿಲ್ ಹಚ್ಚಬೇಡಿ: ರಬ್ಬರು ಊದುತ್ತದೆ, ಹೋಸ್ ಜಾರಿ ಕಳಚಲೂ ಬಹುದು. ಸಿಲಿಕಾನ್ ಗ್ಯಾಸ್ಕೆಟ್ ಪೇಸ್ಟ್ ಹಚ್ಚುವ ರೂಢಿ ಕೆಲವು ಗ್ಯಾರೇಜುಗಳಲ್ಲಿದೆ. ಮೂತಿ ಶುಚಿಯಾಗಿದ್ದರೆ ಅದರ ಅಗತ್ಯವೇ ಇಲ್ಲ, ಹೆಚ್ಚಾದದ್ದು ಒಳಗೆ ಕಳಚಿ ರೇಡಿಯೇಟರ್ ನಳಿಕೆಗೆ ಸಿಕ್ಕಿಕೊಳ್ಳುತ್ತದೆ.

ಹಲವು ಹೋಸುಗಳ ತುದಿಯಲ್ಲಿ ಬಿಳಿ ಗೆರೆ ಅಥವಾ ಬಾಣದ ಗುರುತಿರುತ್ತದೆ, ಮೂತಿಯ ಗುರುತಿಗೆ ಅದು ನೇರವಾಗಬೇಕು. ಗುರುತಿಲ್ಲದಿದ್ದರೆ ಫೋಟೊ ನೋಡಿ. ಹೋಸ್ ಮೂತಿಯ ಬುಡದವರೆಗೆ ಹೋಗಿ ಕೂರಬೇಕು. ತಿರುಚಿಕೊಂಡು ಕೂತ ಹೋಸ್ ಎಂಜಿನ್ ಅಲುಗಿದಾಗಲೆಲ್ಲ ಮೂತಿಯನ್ನು ಜಗ್ಗುತ್ತದೆ. ಹಾಗಾಗಿ ಎರಡೂ ತುದಿ ಕೂತ ಮೇಲೆ ಕೈಬಿಟ್ಟು ನೋಡಿ, ಹೋಸ್ ತನ್ನ ಸಹಜ ಬಾಗಿನಲ್ಲಿ ನಿಂತಿರಬೇಕು.

7. ಕ್ಲಾಂಪ್ ಬಿಗಿ ಮಾಡಿ. ಮೂತಿಯ ತುದಿಯಲ್ಲಿ ಸುತ್ತಲೂ ಒಂದು ಉಬ್ಬು ಇರುತ್ತದೆ. ಕ್ಲಾಂಪ್ ಆ ಉಬ್ಬಿನ ಮೇಲೂ ಕೂರಬಾರದು, ಅದಕ್ಕಿಂತ ಮುಂದೆ ಬರಿ ಹೋಸಿನ ಮೇಲೂ ಕೂರಬಾರದು. ಉಬ್ಬು ಮತ್ತು ಹೋಸಿನ ಅಂಚಿನ ನಡುವೆ ಇರಬೇಕು, ಅಂಚಿನಿಂದ 3ರಿಂದ 5 ಮಿ.ಮೀ. ಒಳಗೆ. ಉಬ್ಬಿನ ಮೇಲೆ ಕೂತ ಕ್ಲಾಂಪ್ ನೋಡಲು ಬಿಗಿಯಾಗಿಯೇ ಇರುತ್ತದೆ, ಒತ್ತಡ ಏರಿದಾಗ ಹೋಸನ್ನೂ ಎಳೆದುಕೊಂಡು ಜಾರುತ್ತದೆ. ಹಳೆಯ ಸ್ಪ್ರಿಂಗ್ ಕ್ಲಾಂಪನ್ನೇ ಹೊಸ ಹೋಸಿಗೆ ಹಾಕುವಾಗಲೂ ಇದನ್ನೇ ಪಾಲಿಸಿ.

ಸ್ಕ್ರೂ ಕ್ಲಾಂಪನ್ನು ಮಣಿಕಟ್ಟಿನ ಬಲದಲ್ಲಿ ತಿರುಗಿಸಿದರೆ ಸಾಕು. ರಬ್ಬರು ಕ್ಲಾಂಪಿನ ಎರಡು ಬದಿಯಲ್ಲಿ ಸ್ವಲ್ಪ ಉಬ್ಬಿದೊಡನೆ ನಿಲ್ಲಿಸಿ. ಪಟ್ಟಿಯ ಸೀಳುಗಳಿಂದ ರಬ್ಬರು ಹೊರಗೆ ಇಣುಕಿದರೆ ಅತಿಯಾಯಿತು, ಕ್ಲಾಂಪ್ ಹೋಸನ್ನು ಕತ್ತರಿಸುತ್ತಿದೆ. ಪ್ಲಾಸ್ಟಿಕ್ ಮೂತಿಯಾದರೆ ಅದೂ ಬಿರುಕು ಬಿಡುತ್ತದೆ.

8. ಕೂಲಂಟ್ ತುಂಬಿ. ಡ್ರೈನ್ ಪ್ಲಗ್ ಮುಚ್ಚಿದ್ದೀರಾ ಎಂದು ಮತ್ತೆ ನೋಡಿ. ಅಳತೆಯ ಲೆಕ್ಕದಲ್ಲಿ ಹಲವರು ಎಡವುತ್ತಾರೆ. ರೇಡಿಯೇಟರ್ ಖಾಲಿಯಾದರೂ ಎಂಜಿನ್ನಿನೊಳಗೆ ಒಂದಿಷ್ಟು ಉಳಿದೇ ಇರುತ್ತದೆ. ಉಳಿದದ್ದು ಅದೇ ಬಗೆಯ ಕೂಲಂಟ್ ಆಗಿದ್ದರೆ ರೆಡಿ ಟು ಯೂಸ್ ಸುರಿದರಾಯಿತು. ಆದರೆ ಬರಿ ನೀರಿನಲ್ಲಿ ತೊಳೆದಿದ್ದರೆ ಹಾಗಲ್ಲ. ಒಟ್ಟು 4 ಲೀಟರ್ ಹಿಡಿಯುವ ಕಾರಿನಲ್ಲಿ ಒಂದೂವರೆ ಲೀಟರ್ ನೀರು ಒಳಗೇ ಉಳಿಯಿತು ಎನ್ನಿ. ಅದಕ್ಕೆ ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ಎರಡೂವರೆ ಲೀಟರ್ ಹಾಕಿದರೆ ಗ್ಲೈಕಾಲ್ ಅಂಶ ಶೇ. 31ಕ್ಕೆ ಇಳಿಯುತ್ತದೆ. ಹಾಗಾಗಿ ಮೊದಲು 2 ಲೀಟರ್ ಕಾನ್ಸಂಟ್ರೇಟ್ ಹಾಕಿ, ಉಳಿದ ಅರ್ಧ ಲೀಟರ್ ಜಾಗಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಿ. ಕೆನಡಾ, ಅಮೆರಿಕದ ಚಳಿ ಊರುಗಳಲ್ಲಿರುವ ಓದುಗರು ಈ ಲೆಕ್ಕವನ್ನು ಸಡಿಲ ಬಿಡಬಾರದು: ಅರ್ಧಕ್ಕರ್ಧ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿಯವರೆಗೆ ತಡೆಯುತ್ತದೆ. ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂಬುದೂ ಸುಳ್ಳು, ಬರಿ ಗ್ಲೈಕಾಲ್ ನೀರಿನಷ್ಟು ಚೆನ್ನಾಗಿ ಬಿಸಿಯನ್ನು ಒಯ್ಯುವುದಿಲ್ಲ.

ನಿಧಾನವಾಗಿ, ಸಣ್ಣ ಧಾರೆಯಲ್ಲಿ ಸುರಿಯಿರಿ. ನಡುನಡುವೆ ಮೇಲಿನ ಹೋಸನ್ನು ಹಿಸುಕುತ್ತಿದ್ದರೆ ಗುಳ್ಳೆಗಳು ಮೇಲೆ ಬರುತ್ತವೆ. ರೇಡಿಯೇಟರ್ ಕಂಠದವರೆಗೆ ತುಂಬಿ, ಪಕ್ಕದಲ್ಲಿರುವ, ಹೆಚ್ಚಾದ ಕೂಲಂಟ್ ಹೋಗಿ ನಿಲ್ಲುವ ಪ್ಲಾಸ್ಟಿಕ್ ಬಾಟಲಿಗೆ ಫುಲ್ ಗೆರೆಯಷ್ಟು ಹಾಕಿ.

9. ಗಾಳಿ ಹೊರಹಾಕಿ. ಇದನ್ನೇ ಮೆಕ್ಯಾನಿಕ್‌ಗಳು ಏರ್ ಲಾಕ್ ತೆಗೆಯುವುದು ಎನ್ನುತ್ತಾರೆ. ಎಂಜಿನ್ನಿನೊಳಗೆ ಗಾಳಿಯ ಗುಳ್ಳೆ ಉಳಿದರೆ ಆ ಜಾಗದ ಲೋಹಕ್ಕೆ ಕೂಲಂಟ್ ತಾಗುವುದೇ ಇಲ್ಲ. ಅಲ್ಲಿ ಬಿಸಿ ಏರಿ ಹೆಡ್ ಸೊಟ್ಟಾಗಬಹುದು.

ಮುಂದಿನ ಚಕ್ರಗಳನ್ನು ಇಳಿಜಾರಿನ ಮೇಲ್ಭಾಗಕ್ಕೆ ತಂದು ರೇಡಿಯೇಟರ್ ಬಾಯಿ ಎಲ್ಲಕ್ಕಿಂತ ಎತ್ತರವಾಗುವಂತೆ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಡಿ. ಬ್ಯಾಟರಿ ಕೇಬಲ್ ಜೋಡಿಸಿ. ಕ್ಯಾಬಿನ್ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎ.ಸಿ. ಆಫ್ ಇರಲಿ. ಮುಚ್ಚಳ ತೆರೆದೇ ಎಂಜಿನ್ ಚಾಲೂ ಮಾಡಿ ಐಡಲ್‌ನಲ್ಲಿ ಬಿಡಿ. ಮುಖ, ಕೈ, ಬಟ್ಟೆ ಎಲ್ಲವೂ ರೇಡಿಯೇಟರ್ ಬಾಯಿಯಿಂದ ಮತ್ತು ಫ್ಯಾನಿನಿಂದ ದೂರವಿರಲಿ.

ಮೊದಲ ಹತ್ತು ನಿಮಿಷ ಹೆಚ್ಚೇನೂ ಆಗದು. ಥರ್ಮೋಸ್ಟಾಟ್, ಅಂದರೆ ಬಿಸಿಯಾದಾಗಷ್ಟೇ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್, ಇನ್ನೂ ಮುಚ್ಚಿರುತ್ತದೆ. ಹಲವು ಕಾರುಗಳಲ್ಲಿ ಅದು ತೆರೆಯುವುದು 82ರಿಂದ 88 ಡಿಗ್ರಿಯ ಸುಮಾರಿಗೆ. ಅದು ತೆರೆದಾಗ ತಣ್ಣಗಿದ್ದ ಹೋಸ್ ಬಿಸಿಯಾಗಿ, ಬಾಯಿಯಲ್ಲಿ ಗುಳ್ಳೆ ಬಂದು, ಕೂಲಂಟ್ ಮಟ್ಟ ಇದ್ದಕ್ಕಿದ್ದಂತೆ ಕುಸಿಯುತ್ತದೆ. ‘ಹೋಸ್ ಹಾಕಿದ್ದೇನೆ, ತುಂಬಿದ್ದೇನೆ, ಮುಗಿಯಿತು’ ಎಂದು ಮುಚ್ಚಳ ಹಾಕಿ ಹೊರಟವರು ಕಾಣದೇ ಹೋಗುವುದು ಈ ಕುಸಿತವನ್ನೇ. ಕುಸಿದಷ್ಟು ತುಂಬಿ. ಗುಳ್ಳೆ ನಿಂತು, ಕ್ಯಾಬಿನ್ ಒಳಗೆ ಬಿಸಿಗಾಳಿ ಸಮನಾಗಿ ಬರತೊಡಗಿದ ಮೇಲೆ ಮುಚ್ಚಳ ಹಾಕಿ. ಅದಕ್ಕೂ ಮುಂಚೆಯೇ ಕೂಲಂಟ್ ಉಕ್ಕತೊಡಗಿದರೆ ಎಂಜಿನ್ ನಿಲ್ಲಿಸಿ, ತಣಿಯಲು ಬಿಟ್ಟು, ಮತ್ತೆ ತುಂಬಿ ಮುಂದುವರಿಸಿ. ಮುಚ್ಚಳ ಹಾಕಿದ ಮೇಲೆ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಲಿ.

ಪ್ಲಾಸ್ಟಿಕ್ ಟ್ಯಾಂಕಿಗೆ ಮುಚ್ಚಳವಿರುವ ಕಾರುಗಳಲ್ಲಿ ಗಾಳಿ ಬಿಡುವ ಸ್ಕ್ರೂ ಬೇರೆಯೇ ಇರಬಹುದು. ಅದರ ಜಾಗ ಮತ್ತು ಕ್ರಮವನ್ನು ಆ ಮಾಡೆಲಿನ ಸರ್ವೀಸ್ ಕೈಪಿಡಿಯಲ್ಲಿ ನೋಡಿಯೇ ಮಾಡಿ.

ಹೀಟರ್ ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಬಂದರೆ, ಡ್ಯಾಶ್‌ಬೋರ್ಡ್ ಹಿಂದೆ ನೀರು ಗುಳುಗುಳು ಎಂದರೆ, ಟೆಂಪರೇಚರ್ ಮುಳ್ಳು ಏರಿಳಿದರೆ ಗಾಳಿ ಇನ್ನೂ ಇದೆ. ಮುಳ್ಳು ಕೆಳಗಿದೆ ಎಂದಷ್ಟಕ್ಕೆ ನೆಮ್ಮದಿ ಪಡಬೇಡಿ: ಸೆನ್ಸರ್ ಇರುವ ಜಾಗದಲ್ಲಿ ಕೂಲಂಟೇ ಇಲ್ಲದಿದ್ದರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ತೋರಿಸಬಹುದು.

10. ಪರೀಕ್ಷಿಸಿ. ಮನೆಯ ಸುತ್ತಮುತ್ತ ಹದಿನೈದು ನಿಮಿಷ ಓಡಿಸಿ ಬಂದು, ಟಾರ್ಚ್ ಹಿಡಿದು ಎರಡೂ ತುದಿ ನೋಡಿ. ರಾತ್ರಿ ಕಾರಿನಡಿ ರಟ್ಟು ಹಾಸಿಡಿ. ಮರುದಿನ ತಣ್ಣಗಿರುವಾಗ ಮುಚ್ಚಳ ತೆರೆದು ಕಂಠದವರೆಗೆ ಇದೆಯೇ ನೋಡಿ. ಬಾಟಲಿಯಲ್ಲಿ ಇದೆ ಎಂದರೆ ರೇಡಿಯೇಟರಿನಲ್ಲೂ ಇದೆ ಎಂದರ್ಥವಲ್ಲ. ಸ್ಕ್ರೂ ಕ್ಲಾಂಪನ್ನು ಇದೇ ಹೊತ್ತಿನಲ್ಲಿ ಕಾಲು ಸುತ್ತು ಬಿಗಿ ಮಾಡಿ, ಒಂದು ವಾರದ ಮೇಲೆ ಇನ್ನೊಮ್ಮೆ ನೋಡಿ.

ಬಿಸಿಯಿದ್ದಾಗ ಒಣಗಿದ್ದು, ತಣಿದಾಗ ಮಾತ್ರ ತೊಟ್ಟಿಕ್ಕಿದರೆ ಸಾಮಾನ್ಯವಾಗಿ ಕ್ಲಾಂಪ್ ಸಡಿಲ. ಬಿಸಿಯಿದ್ದಾಗಲೇ ಜಿನುಗಿದರೆ ಮೂತಿಯ ಗೀರು, ಕೊಳೆ ಅಥವಾ ಉಬ್ಬಿನ ಮೇಲೆ ಕೂತ ಕ್ಲಾಂಪನ್ನು ಹುಡುಕಿ. ಅದನ್ನು ಬಿಗಿ ಮಾಡುತ್ತಲೇ ಹೋಗಬೇಡಿ, ಬಿಚ್ಚಿ ಮತ್ತೆ ಕೂರಿಸಿ.

ದಾರಿಯಲ್ಲಿ ಹೋಸ್ ಒಡೆದರೆ

ಸವೆದ ಹೋಸ್ ಹೆಚ್ಚಾಗಿ ಕೈಕೊಡುವುದು ಶಿರಾಡಿ, ಚಾರ್ಮಾಡಿಯಂತಹ ಘಾಟಿಯ ಏರಿನಲ್ಲಿ; ಕಡಿಮೆ ಗೇರು, ಕಡಿಮೆ ವೇಗ, ಪೂರ್ತಿ ಭಾರ. ಬಾನೆಟ್ಟಿನಿಂದ ಹಬೆ ಕಂಡೊಡನೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿ. ‘ಇನ್ನೊಂದು ಕಿಲೋಮೀಟರ್’ ಎಂದು ಮುಂದುವರಿದರೆ ಎಂಜಿನ್ನೇ ಹೋಗುತ್ತದೆ. ಕನಿಷ್ಠ ಒಂದು ಗಂಟೆ ಮುಚ್ಚಳ ಮುಟ್ಟಬೇಡಿ, ಕಾದ ಎಂಜಿನ್ನಿಗೆ ತಣ್ಣೀರು ಹಾಕಬೇಡಿ, ಹೆಡ್ ಸೀಳಬಹುದು.

ಸೀಳು ಹೋಸಿನ ತುದಿಯಲ್ಲೇ ಇದ್ದು, ಉದ್ದಕ್ಕೆ ಸ್ವಲ್ಪ ಸಡಿಲವಿದ್ದರೆ ಹಾಳಾದ ಎರಡು ಸೆಂಟಿಮೀಟರ್ ಕತ್ತರಿಸಿ ಮತ್ತೆ ಮೂತಿಗೆ ಹಾಕಬಹುದು. ನಡುವೆ ಸೀಳಿದ್ದರೆ ತನಗೆ ತಾನೇ ಅಂಟುವ ಸಿಲಿಕಾನ್ ಟೇಪ್ ಬೇಕು. ಹೋಸನ್ನು ಒರೆಸಿ ಒಣಗಿಸಿ, ಟೇಪನ್ನು ಚೆನ್ನಾಗಿ ಎಳೆದು, ಸೀಳಿನ ಎರಡೂ ಕಡೆ ಐದು ಸೆಂಟಿಮೀಟರ್ ದಾಟುವಂತೆ ಮೂರು ನಾಲ್ಕು ಪದರ ಸುತ್ತಿ. ಪ್ಲಂಬಿಂಗ್‌ಗೆ ಬಳಸುವ ಗಟ್ಟಿಯಾಗುವ ಅಂಟು ಇಲ್ಲಿ ನಿಲ್ಲದು, ಹೋಸ್ ಬಾಗಿದಾಗ ಬಿರಿಯುತ್ತದೆ. ಕುಡಿಯುವ ನೀರು ತುಂಬಿ, ಮುಚ್ಚಳವನ್ನು ಮೊದಲ ಹಲ್ಲಿಗೆ ಮಾತ್ರ ತಿರುಗಿಸಿ ಬಿಟ್ಟರೆ ಒಳಗೆ ಒತ್ತಡ ಏರುವುದಿಲ್ಲ. ಒತ್ತಡವಿಲ್ಲದ ನೀರು 100 ಡಿಗ್ರಿಗೇ ಕುದಿಯುವುದರಿಂದ ಸಮತಟ್ಟು ದಾರಿಯಲ್ಲಿ ನಿಧಾನವಾಗಿ, ಮುಳ್ಳಿನ ಮೇಲೆ ಕಣ್ಣಿಟ್ಟು, ಹತ್ತಿರದ ಗ್ಯಾರೇಜಿನವರೆಗಷ್ಟೇ ಹೋಗಬಹುದು. ಏರು ಇನ್ನೂ ಬಾಕಿಯಿದ್ದರೆ ಟೋಯಿಂಗ್ ಗಾಡಿಯೇ ಸರಿ. ಹೊಸ ಹೋಸ್ ಹಾಕುವಾಗ ಈ ನೀರನ್ನು ಪೂರ್ತಿ ಇಳಿಸಿ, 8 ಮತ್ತು 9ನೇ ಹಂತವನ್ನು ಮೊದಲಿನಿಂದ ಮಾಡಿ.